8ನೇ ಕ್ಲಾಸ್ ಮತ್ತೊಂದು ಸಲ: ಫುಟ್‌ಬಾಲ್‌ಗೋಸ್ಕರ ಮಗನನ್ನು ಒಂದು ವರ್ಷ ಕೂರಿಸಬೇಕಾ?

ಫ್ರಿಸ್ಕೋ ಹಾಸನ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಕಡೆಯವರು, ಅದರಲ್ಲೂ ಮಕ್ಕಳು ಸ್ಕೂಲ್ ಟೀಮಿನಲ್ಲಿ ಆಡುವವರು ದಯವಿಟ್ಟು ಓದಿ. ಫುಟ್‌ಬಾಲ್ ಅಂದರೆ ಇಲ್ಲಿಯ ಫುಟ್‌ಬಾಲ್. ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವುದು.

ಮಗ ಈಗ 8ನೇ ಕ್ಲಾಸು. ಹುಟ್ಟಿದ್ದು 2012ರ ಜುಲೈ ಕೊನೆಯಲ್ಲಿ. ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ 5 ತುಂಬಿದ್ದರೆ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು. ಸುಮ್ನೆ ಒಂದು ವರ್ಷ ಯಾಕೆ ಹಾಳು ಅಂತ ನಾವು ಆಗಲೇ ಸೇರಿಸಿಬಿಟ್ಟೆವು. ಊರಿನ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ. ಈಗ ಇಡೀ ಕ್ಲಾಸಿಗೆ ಇವನೇ ಚಿಕ್ಕವನು. ಪಕ್ಕದ ಲಾಕರಿನ ಹುಡುಗ ಆಗಲೇ ಶೇವ್ ಮಾಡಿಕೊಳ್ಳುತ್ತಾನೆ. ಇವನಿಗೆ ಇನ್ನೂ ದನಿ ಕೂಡ ಒಡೆದಿಲ್ಲ. ತೂಕ 112 ಪೌಂಡ್, ನಮ್ಮ ಲೆಕ್ಕದಲ್ಲಿ 51 ಕೇಜಿ. ದಿನಾ ಬೆಳಿಗ್ಗೆ ತೂಕದ ಮೆಷಿನ್ ಹತ್ತುವ ಮುಂಚೆ ಎರಡು ಲೋಟ ನೀರು ಕುಡಿಯುತ್ತಾನೆ. ನಾನು ನೋಡಿಲ್ಲ ಅಂದುಕೊಂಡಿದ್ದಾನೆ.

ಓಟ ಚೆನ್ನಾಗಿದೆ, ಕೈಯೂ ಚೆನ್ನಾಗಿದೆ. ವಾರಕ್ಕೆರಡು ದಿನ ಒಬ್ಬ ಪ್ರೈವೇಟ್ ಟ್ರೈನರ್ ಹತ್ತಿರ ಹೋಗುತ್ತಾನೆ. ಕಳೆದ ಶನಿವಾರ ಆ ಪುಣ್ಯಾತ್ಮ ನನ್ನನ್ನು ಪಕ್ಕಕ್ಕೆ ಕರೆದ. "8ನೇ ಕ್ಲಾಸ್ ಇನ್ನೊಂದು ಸಲ ಓದಿಸಿ. ಇಲ್ಲೇ ಹತ್ತಿರದಲ್ಲಿ ಒಂದು ಸಣ್ಣ ಪ್ರೈವೇಟ್ ಸ್ಕೂಲ್ ಇದೆ, ಅಲ್ಲಿ ಒಂದು ವರ್ಷ ಇದ್ದು ಮತ್ತೆ ಪಬ್ಲಿಕ್ ಸ್ಕೂಲಿಗೆ ಬರಲಿ. ಎಲ್ಲರೂ ಮಾಡುತ್ತಾರೆ. ಸೀನಿಯರ್ ವರ್ಷಕ್ಕೆ, ಅಂದರೆ 12ನೇ ಕ್ಲಾಸಿಗೆ, ಮೈ ಬೆಳೆದಿರುತ್ತೆ, ಟೀಮಿಗೆ ಬಾ ಅಂತ ಕಾಲೇಜಿನವರು ತಾವಾಗಿಯೇ ಬಾಗಿಲು ತಟ್ಟುತ್ತಾರೆ" ಅಂದ.

ಮನೆಯಲ್ಲಿ ಹೇಳಿದೆ. ಹೆಂಡತಿ ದೋಸೆ ಹುಯ್ಯುತ್ತಿದ್ದವಳು ಸೌಟು ಕೆಳಗಿಟ್ಟು ಹೇಳಿದ್ದು ಒಂದೇ ಮಾತು: "ನಮ್ಮ ಎರಡೂ ಮನೆಯಲ್ಲಿ ಇಲ್ಲಿವರೆಗೂ ಯಾರೂ ಡುಮ್ಕಿ ಹೊಡೆದಿಲ್ಲ."

ಯಾರಾದರೂ ಹೀಗೆ ಮಾಡಿದ್ದೀರಾ? ರೂಲ್ಸ್ ಏನು?

ತಟ್ಟೆ ಇಡ್ಲಿ

ಅಣ್ಣ, ಅತ್ತಿಗೆ ದೋಸೆ ಪೂರ್ತಿ ಮಾಡಿದರಾ ಇಲ್ವಾ, ಮೊದಲು ಅದನ್ನು ಹೇಳಿ.

ಫ್ರಿಸ್ಕೋ ಹಾಸನ

ಸೀದುಹೋಯಿತು.

ಎಡಿಸನ್ ಅಕ್ಕ

ನಾನು ನ್ಯೂಜರ್ಸಿಯವಳು. ನಮ್ಮಲ್ಲಿ ಇದು ಗುಟ್ಟೇನೂ ಅಲ್ಲ. ಪಕ್ಕದ ಬೀದಿಯ ಹುಡುಗ ಹೀಗೇ ಪ್ರೈವೇಟ್ ಸ್ಕೂಲಿಗೆ ಹೋಗಿ 8ನೇ ಕ್ಲಾಸ್ ಎರಡನೇ ಸಲ ಓದಿದ. ಮಾರ್ಕ್ಸ್ ಎಲ್ಲ ಚೆನ್ನಾಗಿಯೇ ಇತ್ತು. ಫೇಲ್ ಅನ್ನುವ ಪದ ಯಾರ ಬಾಯಲ್ಲೂ ಬರುವುದಿಲ್ಲ. "ರೀಕ್ಲಾಸ್" ಅನ್ನುತ್ತಾರೆ. ಹೆಸರು ಬದಲಾಯಿಸಿದರೆ ಅವಮಾನವೂ ಹೋಗುತ್ತೆ ನೋಡಿ!

ಕೋವಿಡ್ ಬಂದಾಗ ಸರ್ಕಾರವೇ ದಾರಿ ಮಾಡಿಕೊಟ್ಟಿತ್ತು. 2020ರಲ್ಲಿ "ಬ್ರಿಡ್ಜ್ ಇಯರ್" ಅಂತ ಕಾನೂನು ಬಂತು. 2021 ಮತ್ತು 2022ರಲ್ಲಿ ಪಾಸಾಗಬೇಕಿದ್ದವರು ಬೇಕಿದ್ದರೆ ಇನ್ನೊಂದು ವರ್ಷ ಹೈಸ್ಕೂಲಲ್ಲೇ (ಇಲ್ಲಿ 9ರಿಂದ 12) ಇರಬಹುದು. ಆದರೆ ಆಟ ಆಡಬಹುದಾಗಿದ್ದು ಸ್ಪ್ರಿಂಗ್ (ವಸಂತ) ಸೀಸನ್ನಿನಲ್ಲಿ ಮಾತ್ರ. ಫುಟ್‌ಬಾಲ್ ಇರುವುದು ಫಾಲ್‌ನಲ್ಲಿ (ಶರತ್ಕಾಲ). ಅಂದರೆ ಬೇಸ್‌ಬಾಲ್‌ನವರಿಗೆ ಪಾಯಸ, ಫುಟ್‌ಬಾಲ್‌ನವರಿಗೆ ಬರೀ ಎಲೆ.

ಟೆಕ್ಸಸ್ ಹೇಗೋ ಗೊತ್ತಿಲ್ಲಪ್ಪ. ಒಂದೊಂದು ರಾಜ್ಯದ ಸ್ಕೂಲ್ ಆಟಗಳ ಅಸೋಸಿಯೇಷನ್ನಿಗೂ ಬೇರೆ ಬೇರೆ ರೂಲ್ ಪುಸ್ತಕ.

ಸಕ್ಕರೆ ನಾಡು

ಮಂಡ್ಯದಿಂದ ಕೇಳುತ್ತಿದ್ದೇನೆ. ಪಾಸಾದ ಹುಡುಗನನ್ನು ಬೇಕಂತಲೇ ಮತ್ತೆ ಅದೇ ಬೆಂಚಿನಲ್ಲಿ ಕೂರಿಸುತ್ತಾರಾ? ಅದೂ ಫೀಸು ಕಟ್ಟಿ? ನಮ್ಮ ಕಡೆ ಇದಕ್ಕೆಲ್ಲ ಇಷ್ಟು ಕಷ್ಟಪಡುವುದಿಲ್ಲ ಸ್ವಾಮಿ. ಹುಟ್ಟಿದ ತಾರೀಖೇ ಬದಲಾಯಿಸಿಬಿಡುತ್ತಾರೆ. ನಮ್ಮ ಕಾಲದ ಮೇಷ್ಟ್ರಂತೂ ಅರ್ಧ ಊರಿಗೇ ಜೂನ್ 1 ಅಂತ ಬರೆದುಬಿಟ್ಟಿದ್ದರು. ಅದೇ ತಾರೀಖು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಬಂದು ಕೂತಿತು. ಅದಕ್ಕೇ ಬಿಸಿಸಿಐನವರು 16 ವರ್ಷದ ಒಳಗಿನ ಹುಡುಗರಿಗೆ ಮಣಿಕಟ್ಟಿನ ಎಕ್ಸ್‌ರೇ ತೆಗೆಸುವುದು. ಕಾಗದ ಸುಳ್ಳು ಹೇಳಿದರೂ ಮೂಳೆ ಹೇಳುವುದಿಲ್ಲ ಅಂತ.

ತಟ್ಟೆ ಇಡ್ಲಿ

ಸೂಪರ್ ಸಾರ್. ಅಲ್ಲಿ ತಾರೀಖು ತಿದ್ದುತ್ತಾರೆ, ಇಲ್ಲಿ ಕ್ಲಾಸ್ ತಿದ್ದುತ್ತಾರೆ. ಇಲ್ಲಿ ಹುಟ್ಟಿದ ತಾರೀಖನ್ನು ಆಸ್ಪತ್ರೆಯವರೇ ಸರ್ಕಾರಕ್ಕೆ ಬರೆದು ಕಳಿಸುತ್ತಾರಲ್ಲ, ಅದನ್ನು ಅಲ್ಲಾಡಿಸೋಕಾಗಲ್ಲ.

ಪ್ಲೇನೋ ಮೇಷ್ಟ್ರು

ಹಾಸನದವರೇ, ನಾನು ಇಲ್ಲಿನ ಪಬ್ಲಿಕ್ ಸ್ಕೂಲಲ್ಲಿ 14 ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಶುಕ್ರವಾರ ರಾತ್ರಿ ಮ್ಯಾಚಿದ್ದರೆ ಗೇಟಿನಲ್ಲಿ ಟಿಕೆಟ್ ನೋಡುವ ಡ್ಯೂಟಿಯೂ ನನ್ನದೇ. ಹಾಗಾಗಿ ಸ್ವಲ್ಪ ಗೊತ್ತು. ನಿಮ್ಮ ಟ್ರೈನರ್ ಅರ್ಧ ಮಾತ್ರ ಹೇಳಿದ್ದಾನೆ. ನೀವು ಕೇಳಬೇಕಿದ್ದದ್ದು ಉಳಿದ ಅರ್ಧ.

ಟೆಕ್ಸಸ್‌ನಲ್ಲಿ ಪಬ್ಲಿಕ್ ಸ್ಕೂಲ್ ಆಟಗಳೆಲ್ಲ ಯುಐಎಲ್ ಅನ್ನುವ ಸಂಸ್ಥೆಯ ಕೈಯಲ್ಲಿ. ಅಲ್ಲಿ ಮೂರು ಬೀಗ ಇವೆ.

ಒಂದು ವಯಸ್ಸು. ಆ ವರ್ಷದ ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು. ಆಗಸ್ಟ್ 31ಕ್ಕೆ 19 ಆದವನು ಆ ವರ್ಷ ಆಡುವ ಹಾಗಿಲ್ಲ, ಸೆಪ್ಟೆಂಬರ್ 2ಕ್ಕೆ ಆದವನು ಆರಾಮಾಗಿ ಆಡಬಹುದು. ಎರಡನೆಯದು ಗಡಿಯಾರ. 9ನೇ ಕ್ಲಾಸಿಗೆ ಮೊದಲ ಸಲ ಕಾಲಿಟ್ಟ ದಿನ ಅದು ಶುರುವಾಗುತ್ತೆ. ಅಲ್ಲಿಂದ ಒಟ್ಟು 4 ವರ್ಷ, ಅಷ್ಟೇ. ಮಧ್ಯೆ ಮಂಡಿ ಮುರಿದುಕೊಂಡು ಮನೆಯಲ್ಲಿ ಕೂತರೂ ಅದು ನಿಲ್ಲಲ್ಲ. 9 ಅಥವಾ 10ನೇ ಕ್ಲಾಸ್ ಎರಡು ಸಲ ಓದಿದರೂ ನಿಲ್ಲಲ್ಲ. ಅದಕ್ಕೇ ಈ ಆಟ ಆಡುವವರೆಲ್ಲ 8ನೇ ಕ್ಲಾಸಲ್ಲೇ ಆಡುವುದು. ಗಡಿಯಾರಕ್ಕೆ ಇನ್ನೂ ಕೀಲಿ ಕೊಟ್ಟಿರುವುದಿಲ್ಲ.

ಇನ್ನು ಮೂರನೇ ಬೀಗ. ನಿಮ್ಮ ಟ್ರೈನರ್ ಇದನ್ನು ಹೇಳಲೇ ಇಲ್ಲ. 7 ಅಥವಾ 8ನೇ ಕ್ಲಾಸಿನಲ್ಲಿ ಆಟಕ್ಕೋಸ್ಕರ ಅಂತ ಒಂದು ವರ್ಷ ಕೂರಿಸಿದರೆ, ಹೈಸ್ಕೂಲಿಗೆ ಬಂದ ಮೇಲೆ ಆ ಹುಡುಗ ತನ್ನ ನಾಲ್ಕನೇ ವರ್ಷ ಆಡುವ ಹಾಗಿಲ್ಲ. ಸೀನಿಯರ್ ಸೀಸನ್ ಹೋಯಿತು.

ಈಗ ಒಂದು ಹಾಳೆ, ಪೆನ್ನು ತಗೊಳ್ಳಿ. ನಿಮ್ಮ ಮಗ ಸುಮ್ನೆ ಮುಂದಕ್ಕೆ ಹೋದರೆ 2026ರ ಆಗಸ್ಟಿಗೆ 9ನೇ ಕ್ಲಾಸು. ಸೀನಿಯರ್ ಸೀಸನ್ 2029ರ ಫಾಲ್. ಆಗ ಅವನಿಗೆ 17. ಕೂರಿಸಿದರೆ 2027ಕ್ಕೆ 9ನೇ ಕ್ಲಾಸು, ಸೀನಿಯರ್ ವರ್ಷ 2030. ಆಗಲೂ 18 ಅಷ್ಟೇ, ವಯಸ್ಸಿನ ಬೀಗ ಅಡ್ಡ ಬರಲ್ಲ. ಆದರೆ 2030ರಲ್ಲಿ ಆಡುವ ಹಾಗಿಲ್ಲವಲ್ಲ. ಹಾಗಾದರೆ ಅವನ ಕೊನೆಯ ಸೀಸನ್ ಯಾವುದು? 2029ರ ಫಾಲ್. ಅದೇ ವರ್ಷ, ಅದೇ 17 ವಯಸ್ಸು, ಅದೇ ಮೈಕಟ್ಟು.

ಒಂದು ವರ್ಷದ ಪ್ರೈವೇಟ್ ಸ್ಕೂಲ್ ಫೀಸ್ ಕಟ್ಟಿ ನೀವು ಕೊಂಡುಕೊಂಡಿದ್ದು ಸೊನ್ನೆ.

ಫ್ರಿಸ್ಕೋ ಹಾಸನ

ಮೇಷ್ಟ್ರೇ, ಎರಡು ಸಲ ಹಾಳೆಯ ಮೇಲೆ ಬರೆದು ನೋಡಿದೆ. ಸೊನ್ನೆಯೇ ಬಂತು. ತಲೆ ತಿರುಗುತ್ತಿದೆ.

ಆದರೆ "ಆಟಕ್ಕೋಸ್ಕರ" ಅಂತ ಯಾರು ಹೇಳುತ್ತಾರೆ? ಗಣಿತದಲ್ಲಿ ಹಿಂದಿದ್ದಾನೆ ಅಂತ ಬರೆದರೆ?

ಪ್ಲೇನೋ ಮೇಷ್ಟ್ರು

ಗಣಿತದಲ್ಲಿ ಹಿಂದಿದ್ದಾನಾ?

ಫ್ರಿಸ್ಕೋ ಹಾಸನ

ಇಲ್ಲ. ಆಲ್ಜೀಬ್ರಾ 1 ಮಾಡುತ್ತಿದ್ದಾನೆ, ಅದು ಹೈಸ್ಕೂಲ್ ಮಟ್ಟದ ಗಣಿತ. ಎ ಗ್ರೇಡ್.

ಪ್ಲೇನೋ ಮೇಷ್ಟ್ರು

ನೋಡಿ ಮತ್ತೆ! ನಿಜವಾಗಿ ಫೇಲಾದ ಹುಡುಗನ ಕತೆ ಬೇರೆ, ಅವನಿಗೆ ಈ ಶಿಕ್ಷೆ ಇಲ್ಲ. ಎ ಗ್ರೇಡಿನ ಹುಡುಗ ಒಂದು ವರ್ಷ ಬೇರೆ ಸ್ಕೂಲಲ್ಲಿ ಅದೇ 8ನೇ ಕ್ಲಾಸ್ ಓದಿ, ಭುಜ ಅಗಲ ಮಾಡಿಕೊಂಡು ವಾಪಸ್ ಬಂದರೆ ಎದುರಾಳಿ ಸ್ಕೂಲಿನವರು ಕಣ್ಣು ಮುಚ್ಚಿಕೊಂಡಿರುತ್ತಾರಾ? ಯಾರು ಆಡಬಹುದು ಅಂತ ತೀರ್ಮಾನಿಸುವ ಜಿಲ್ಲೆಯ ಕಮಿಟಿಯಲ್ಲಿ ಕೂತಿರುವವರೇ ಅವರು. ಪುಣ್ಯಕ್ಕೆ ಯಾರೂ ಕೇಳಲಿಲ್ಲ ಅಂತಲೇ ಇಟ್ಟುಕೊಳ್ಳಿ. 9ನೇ ಕ್ಲಾಸಿನಿಂದ 12ರವರೆಗೆ ಪ್ರತಿ ಶುಕ್ರವಾರ ರಾತ್ರಿ ನೀವು ಸ್ಟ್ಯಾಂಡಿನಲ್ಲಿ ಹೆದರಿಕೊಂಡು ಕೂರಬೇಕು. ಅನರ್ಹ ಹುಡುಗನನ್ನು ಆಡಿಸಿದ್ದು ಗೊತ್ತಾದರೆ ಗೆದ್ದ ಮ್ಯಾಚನ್ನು ಇಡೀ ಟೀಮೇ ಬಿಟ್ಟುಕೊಡಬೇಕಾಗಬಹುದು.

ತಟ್ಟೆ ಇಡ್ಲಿ

ತಮಾಷೆಗೆ ಹೇಳುತ್ತಿದ್ದೇನೆ, ಸಿಟ್ಟಾಗಬೇಡಿ. ಹಾಗಾದರೆ ನಿಜವಾಗಿಯೇ ಡುಮ್ಕಿ ಹೊಡೆಸಿಬಿಟ್ಟರೆ?

ಎಡಿಸನ್ ಅಕ್ಕ

ತಮ್ಮಾ, ನಿನ್ನ ಅಮ್ಮನ ನಂಬರ್ ಕೊಡು.

ಪ್ಲೇನೋ ಮೇಷ್ಟ್ರು

ತಮಾಷೆ ಅಲ್ಲ. ಈ ಪ್ರಶ್ನೆಯನ್ನು ನನ್ನ ಎದುರು ಕೂತು ಸೀರಿಯಸ್ಸಾಗಿ ಕೇಳಿದ ಅಪ್ಪಂದಿರಿದ್ದಾರೆ.

ಟೆಕ್ಸಸ್‌ನಲ್ಲಿ 1984ರಿಂದ "ನೋ ಪಾಸ್, ನೋ ಪ್ಲೇ" ಇದೆ. ಯಾವುದೇ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಬೆಂಚು. ಆ ಕಾನೂನಿನ ಹಿಂದೆ ನಿಂತವರು ರಾಸ್ ಪೆರೋ. ಆಮೇಲೆ ಅಧ್ಯಕ್ಷ ಚುನಾವಣೆಗೆ ನಿಂತರಲ್ಲ, ಅವರೇ, ಇದೇ ಡಲ್ಲಾಸಿನ ಕೋಟ್ಯಧಿಪತಿ. ಗವರ್ನರ್ ಮಾರ್ಕ್ ವೈಟ್ ಸಹಿ ಹಾಕಿದರು, 1986ರಲ್ಲಿ ಸೋತರು. ಫುಟ್‌ಬಾಲ್ ಕೋಚುಗಳ ಸಿಟ್ಟೂ ಅದಕ್ಕೊಂದು ಕಾರಣ ಅಂತ ಇಲ್ಲಿಯ ಹಳಬರು ಇವತ್ತಿಗೂ ಹೇಳುತ್ತಾರೆ. ಇದು ಅಂಥ ರಾಜ್ಯ. ಇಲ್ಲಿ ಮಾರ್ಕ್ಸೂ ಫುಟ್‌ಬಾಲೂ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತು. ಒಂದನ್ನು ಬೀಳಿಸಿ ಇನ್ನೊಂದನ್ನು ಓಡಿಸೋಕಾಗಲ್ಲ.

ಹಾಕಿ ಅಮ್ಮ

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ. ಮೂಲ ಕೊಡಗು, ಮನೆ ತುಂಬ ಹಾಕಿ ಸ್ಟಿಕ್ಕು. ಹಾಗಾಗಿ ಆಟ ಬೇಡ ಅನ್ನುವ ಜಾತಿ ನಾನಲ್ಲ.

ಆದರೆ ಮೇಷ್ಟ್ರು ಹೇಳದ ಒಂದು ಮಾತಿದೆ. 8ನೇ ಕ್ಲಾಸಿನಲ್ಲಿ ಕೂರಿಸುವವರನ್ನು ಮಾತ್ರ ಬೈಯುತ್ತೇವೆ. ಕಿಂಡರ್‌ಗಾರ್ಟನ್ನಿನಲ್ಲೇ ಒಂದು ವರ್ಷ ತಡೆದು ಸೇರಿಸುವವರನ್ನು ಯಾರೂ ಕೇಳುವುದಿಲ್ಲ. ಅದಕ್ಕೂ "ರೆಡ್‌ಶರ್ಟ್" ಅಂತ ಕಾಲೇಜ್ ಫುಟ್‌ಬಾಲಿನದೇ ಹೆಸರು (ಅಲ್ಲಿ ಬೆಳೆಯಲಿ ಅಂತ ಒಂದು ವರ್ಷ ಆಡಿಸದೆ ಕೂರಿಸುವುದು)! ನಮ್ಮ ಕಾಲೊನಿಯಲ್ಲಿ ಬೇಸಿಗೆಯಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಅರ್ಧಕ್ಕರ್ಧ ಹಾಗೇ ಸೇರಿದವರು. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಯಲ್ಲಿ ಇನ್ನೊಂದು ವರ್ಷ ಡೇಕೇರ್ ಫೀಸ್ ಕಟ್ಟುವ ಶಕ್ತಿ ಇದ್ದವರ ಆಟ ಇದು. ಅವರಿಗೆ ಯಾವ ಶಿಕ್ಷೆಯೂ ಇಲ್ಲ. 8ನೇ ಕ್ಲಾಸಿನಲ್ಲಿ ಎಚ್ಚರವಾದವರಿಗೆ ಮಾತ್ರ ಶಿಕ್ಷೆ. ನ್ಯಾಯವಾ ಇದು?

ಕೆಲವು ತಿಂಗಳ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದು ಹೊಸ ವಿಷಯವೂ ಅಲ್ಲ. ಕೆನಡಾದ ಐಸ್ ಹಾಕಿಯಲ್ಲಿ ವಯಸ್ಸಿನ ಗಡಿ ಜನವರಿ 1. ದೊಡ್ಡ ಟೀಮುಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚಿನಲ್ಲಿ ಹುಟ್ಟಿದವರೇ ಜಾಸ್ತಿ ಅಂತ ರೋಜರ್ ಬಾರ್ನ್ಸ್‌ಲಿ ಅನ್ನುವ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲೇ ತೋರಿಸಿದರು. ಚಿಕ್ಕವನಿದ್ದಾಗ ದೊಡ್ಡದಾಗಿ ಕಂಡವನಿಗೆ ಕೋಚ್ ಜಾಸ್ತಿ ಹೊತ್ತು ಆಡಿಸುತ್ತಾನೆ. ಜಾಸ್ತಿ ಆಡಿದವನು ನಿಜವಾಗಿಯೂ ಚೆನ್ನಾಗಿ ಕಲಿಯುತ್ತಾನೆ. ಜುಲೈನಲ್ಲಿ ಹುಟ್ಟಿದ್ದು ಹಾಸನದವರ ಮಗನ ತಪ್ಪಾ?

ಪ್ಲೇನೋ ಮೇಷ್ಟ್ರು

ಮೇಡಂ, ನ್ಯಾಯ ಅಲ್ಲ, ಒಪ್ಪಿದೆ. ಆದರೆ ಗಡಿ ಅಂತ ಎಳೆದ ಮೇಲೆ ಯಾರೋ ಒಬ್ಬರು ಅದರ ಈಚೆ ಬಿದ್ದೇ ಬೀಳುತ್ತಾರೆ. ವಯಸ್ಸಿನ ರೂಲ್ ಇರುವುದು ಗೆಲ್ಲಿಸುವುದಕ್ಕಲ್ಲ, ಮೂಳೆ ಉಳಿಸುವುದಕ್ಕೆ. 19 ದಾಟಿದ 240 ಪೌಂಡಿನವನು 14 ವರ್ಷದವನ ಮೇಲೆ ಬಿದ್ದಾಗ ಬರುವ ಸದ್ದನ್ನು ಗೇಟಿನಿಂದಲೇ ಕೇಳಿದ್ದೇನೆ.

ಹಾಕಿ ಅಮ್ಮ

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಗಡಿ ಜೂನ್ 15. ಅದರ ಮುಂಚೆ 19 ಆದರೆ ಮುಂದಿನ ಶಾಲಾ ವರ್ಷ ಆಟ ಇಲ್ಲ. ಜಾರ್ಜಿಯಾದಲ್ಲಿ ಮೇ 1. ಮೂಳೆಗೆ ಯಾವ ರಾಜ್ಯ ಅಂತ ಗೊತ್ತಿರುತ್ತಾ ಮೇಷ್ಟ್ರೇ? :)

ಕಪ್ಪು ಕೋಟು

ವಯಸ್ಸಿನ ಗಡಿ ವಿಷಯ ಬಂದಿದ್ದಕ್ಕೆ ಎರಡು ಮಾತು. ವಕೀಲ, ಆದರೆ ಇದು ಸಲಹೆ ಅಲ್ಲ, ಕಾಫಿ ಕುಡಿಯುತ್ತಾ ಹೇಳುವ ಮಾತು.

ಆಸೆಗೆ ಕೂತವರ ಜೊತೆ ವಿಧಿಯಿಲ್ಲದೆ ಕೂತವರೂ ಈ ಬಲೆಗೆ ಸಿಕ್ಕಿದ್ದಾರೆ. ಮಿಸೌರಿಯ ಒಬ್ಬ ಬೇಸ್‌ಬಾಲ್ ಹುಡುಗ, ಕಲಿಕೆಯ ತೊಂದರೆ ಇದೆ ಅಂತ ಯಾರಿಗೂ ಗೊತ್ತಾಗದೆ ಪ್ರೈಮರಿಯಲ್ಲೇ ಎರಡು ವರ್ಷ ಹಿಂದೆ ಬಿದ್ದಿದ್ದ. ಸೀನಿಯರ್ ವರ್ಷಕ್ಕೆ 19 ದಾಟಿತು. ಅಂಗವಿಕಲರ ಹಕ್ಕಿನ ಕಾನೂನಿನಡಿ ಕೋರ್ಟಿಗೆ ಹೋದ. 1994ರಲ್ಲಿ ಎಂಟನೇ ಸರ್ಕ್ಯೂಟ್ ಕೋರ್ಟ್ (ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಫೆಡರಲ್ ಕೋರ್ಟ್) ಹೇಳಿದ್ದು: ವಯಸ್ಸಿನ ಗಡಿ ಆಟಕ್ಕೆ ಅಡಿಪಾಯ ಇದ್ದ ಹಾಗೆ, ಅದನ್ನು ತೆಗೆಯಿರಿ ಅಂತ ಕೇಳುವಂತಿಲ್ಲ. ಮರುವರ್ಷ ಮಿಷಿಗನ್‌ನ ಇಬ್ಬರು ಓಟದ ಹುಡುಗರಿಗೂ ಆರನೇ ಸರ್ಕ್ಯೂಟಿನಿಂದ ಅದೇ ಉತ್ತರ. ಅದೇ 1995ರಲ್ಲಿ ಫ್ಲಾರಿಡಾದಲ್ಲಿ ಕಿವಿ ಸರಿಯಾಗಿ ಕೇಳದ ಒಬ್ಬ ಫುಟ್‌ಬಾಲ್ ಹುಡುಗನಿಗೆ ಕೆಳಗಿನ ಕೋರ್ಟು ಆಡಲು ಬಿಟ್ಟಿತು. ರೂಲ್ ಯಾಕಿದೆ, ಈ ಒಬ್ಬ ಹುಡುಗ ಆಡಿದರೆ ಆ ಉದ್ದೇಶ ಕೆಡುತ್ತಾ ಅಂತ ನೋಡಿತು. 2001ರಲ್ಲಿ ಕಾಲಿನ ತೊಂದರೆಯಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್ ಕೇಸಿನಲ್ಲಿ ಸುಪ್ರೀಂ ಕೋರ್ಟೂ ಒಬ್ಬೊಬ್ಬರನ್ನು ಬೇರೆಯಾಗಿಯೇ ನೋಡಬೇಕು ಅಂದಿತು.

ಮಿಷಿಗನ್‌ನಲ್ಲಿ ಕೊನೆಗೆ ರೂಲ್ ಬದಲಾಯಿಸಿದ್ದು ಕೋರ್ಟಲ್ಲ. ಡೌನ್ ಸಿಂಡ್ರೋಮ್ ಇದ್ದ ಒಬ್ಬ ಬಾಸ್ಕೆಟ್‌ಬಾಲ್ ಹುಡುಗನಿಗೋಸ್ಕರ 2012ರಲ್ಲಿ ಶಾಲೆಗಳೇ ವೋಟ್ ಹಾಕಿ ವಿನಾಯಿತಿಗೆ ಬಾಗಿಲು ತೆರೆದವು. ಆ ಸಣ್ಣ ಬಾಗಿಲಿನಲ್ಲಿ ಎ ಗ್ರೇಡಿನ ಹುಡುಗನನ್ನು ತಳ್ಳಬೇಡಿ ಅನ್ನುವುದಷ್ಟೇ ನನ್ನ ವಿನಂತಿ.

ಫ್ರಿಸ್ಕೋ ಹಾಸನ

ಸಾರ್, ಇದು ಚುಚ್ಚಿತು. ಚುಚ್ಚಬೇಕಾದದ್ದೇ.

ತಟ್ಟೆ ಇಡ್ಲಿ

ಈಗ ನಾನೂ ಸೀರಿಯಸ್. ಒಹಾಯೋದ ಕೊಲಂಬಸ್‌ನಲ್ಲಿ ಓದುತ್ತಿದ್ದೇನೆ, ಶನಿವಾರ ಕಾಲೇಜ್ ಫುಟ್‌ಬಾಲ್ ಬಂದರೆ ಇಡೀ ಊರಿಗೆ ಕೆಂಪು ಬಣ್ಣ. ಕಾಲೇಜ್ ಕಡೆಯಿಂದ ಇದು ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಅಣ್ಣ, ಹೈಸ್ಕೂಲ್ ಅಸೋಸಿಯೇಷನ್ನಿನ ಗಡಿಯಾರ ಒಂದು, ಕಾಲೇಜ್ ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಗಡಿಯಾರ ಇನ್ನೊಂದು. ಜನ ಎರಡನ್ನೂ ಕಲಸಿಬಿಡುತ್ತಾರೆ. ಎನ್‌ಸಿಎಎಗೆ 8ನೇ ಕ್ಲಾಸನ್ನು ನೀವು ಎಷ್ಟು ಸಲ ಓದಿದಿರಿ ಅನ್ನುವುದು ಬೇಕಾಗಿಲ್ಲ. ಅದರ ಲೆಕ್ಕ 9ನೇ ಕ್ಲಾಸಿನಿಂದ. ಡಿವಿಷನ್ 1ಕ್ಕೆ, ಅಂದರೆ ಮೇಲಿನ ದರ್ಜೆಯ ಕಾಲೇಜ್ ಆಟಕ್ಕೆ, 16 ಕೋರ್ ಕೋರ್ಸು (ಮುಖ್ಯ ವಿಷಯದ ಪಾಠಗಳು), 8 ಸೆಮಿಸ್ಟರ್ ಒಳಗೆ. ಅದರಲ್ಲಿ 10 ಕೋರ್ಸು ಏಳನೇ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನವೇ ಆಗಿರಬೇಕು. ಕೋರ್ ಕೋರ್ಸುಗಳ ಜಿಪಿಎ, ಅಂದರೆ 4ಕ್ಕೆ ಸರಾಸರಿ ಗ್ರೇಡು, ಕನಿಷ್ಠ 2.3. ಕಾಲೇಜ್ ಪ್ರವೇಶ ಪರೀಕ್ಷೆ ಎಸ್‌ಎಟಿ ಅಂಕ ಬೇಡ ಅಂತ 2023ರಲ್ಲಿ ತೆಗೆದೇಬಿಟ್ಟರು. ಹೈಸ್ಕೂಲಿಗೆ ಬಂದ ಮೇಲೆ ವರ್ಷ ರಿಪೀಟ್ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಮೈ ಬೆಳೆದಿರುತ್ತೆ, ಆಟದ ವಿಡಿಯೋ ಚೆನ್ನಾಗಿರುತ್ತೆ, ಕೋಚ್ ಫೋನ್ ಮಾಡುತ್ತಾನೆ. ಆಮೇಲೆ ಯಾರೋ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತೆಗೆದು ನೋಡಿದರೆ 8 ಸೆಮಿಸ್ಟರ್ ಆಗಲೇ ಮುಗಿದಿದೆ.

ನಿಮ್ಮ ಮಗನ 8ನೇ ಕ್ಲಾಸಿನ ಆಲ್ಜೀಬ್ರಾ 1 ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬಂದರೆ ಅದೂ 16ರಲ್ಲಿ ಒಂದಾಗಬಹುದು. ಒಂದು ಆಗಲೇ ಜೇಬಿನಲ್ಲಿದೆ, ಕೌನ್ಸಿಲರ್ ಹತ್ತಿರ ಕೇಳಿ ಇಟ್ಟುಕೊಳ್ಳಿ.

ಬೆಳೆಯೋಕೆ ಟೈಮ್ ಬೇಕೇಬೇಕು ಅಂದರೆ ನೆಟ್ಟಗಿನ ದಾರಿಯೂ ಇದೆ. 12 ಮುಗಿಸಿ, ಆಮೇಲೆ ಒಂದು ವರ್ಷ ಪೋಸ್ಟ್‌ಗ್ರಾಜುಯೇಟ್. ಪಿಜಿ ಇಯರ್ ಅನ್ನುತ್ತಾರೆ. ನಮ್ಮ ಎಂಎಸ್ಸಿ ಪಿಜಿ ಅಲ್ಲ, ಹೈಸ್ಕೂಲಿನದೇ ಐದನೇ ವರ್ಷ. ನ್ಯೂ ಇಂಗ್ಲೆಂಡಿನ ಬೋರ್ಡಿಂಗ್ ಸ್ಕೂಲುಗಳಲ್ಲಿ ಇದು ಹಳೇ ಪದ್ಧತಿ, ಅವರ ಲೀಗಿನಲ್ಲಿ ಪಿಜಿ ಹುಡುಗರು ಆಡಬಹುದು. ವರ್ಜೀನಿಯಾದ ಫೋರ್ಕ್ ಯೂನಿಯನ್ ಮಿಲಿಟರಿ ಅಕಾಡೆಮಿ ಇದಕ್ಕೇ ಹೆಸರುವಾಸಿ. ಕಾಲೇಜ್ ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಅನ್ನು 1986ರಲ್ಲಿ ಗೆದ್ದ ವಿನ್ನಿ ಟೆಸ್ಟವರ್ಡಿ, 1995ರಲ್ಲಿ ಗೆದ್ದ ಎಡ್ಡಿ ಜಾರ್ಜ್ ಇಬ್ಬರೂ ಅಲ್ಲಿಂದ ಹಾದುಬಂದವರು. ಫ್ಲಾರಿಡಾದ ಐಎಂಜಿ ಅಕಾಡೆಮಿಗೂ ಪಿಜಿ ಟೀಮ್ ಇದೆ. ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ದುಡ್ಡು ಮಾತ್ರ ಬೇಕು. ನ್ಯೂ ಇಂಗ್ಲೆಂಡಿನ ದೊಡ್ಡ ಬೋರ್ಡಿಂಗ್ ಸ್ಕೂಲುಗಳಲ್ಲಿ ವರ್ಷಕ್ಕೆ 60 ಸಾವಿರ ಡಾಲರ್ ದಾಟುತ್ತೆ.

ಎಡಿಸನ್ ಅಕ್ಕ

60 ಸಾವಿರ! ಅಷ್ಟರಲ್ಲಿ ಹುಡುಗನಿಗೆ ದಿನಾ ಬಾದಾಮಿ ಹಾಲು ಕುಡಿಸಿ ನಾವೇ ಬೆಳೆಸಬಹುದು.

ತಟ್ಟೆ ಇಡ್ಲಿ

ಪಿಜಿ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಸ್ಕೂಲಲ್ಲ ಅಂತಲೂ ಹೇಳಿಬಿಡುತ್ತೇನೆ. 2021ರ ಆಗಸ್ಟ್ 29, ಭಾನುವಾರ. ನಮ್ಮೂರಿನ ಕಡೆಯ ಬಿಷಪ್ ಸೈಕಮೋರ್ ಅನ್ನುವ "ಸ್ಕೂಲು" ಇದೇ ಐಎಂಜಿ ಎದುರು ಇಎಸ್‌ಪಿಎನ್‌ನಲ್ಲಿ ಲೈವ್ ಆಡಿತು. 58-0. ಎರಡು ದಿನ ಮುಂಚೆಯಷ್ಟೇ ಅದೇ ಹುಡುಗರು ಇನ್ನೊಂದು ಮ್ಯಾಚ್ ಆಡಿದ್ದರು. ಕಾಮೆಂಟರಿಯವರೇ ಹುಡುಗರಿಗೆ ಪೆಟ್ಟಾಗುತ್ತೆ ಅಂತ ಗಾಬರಿಯಾದರು. ಆಮೇಲೆ ರಾಜ್ಯದ ಶಿಕ್ಷಣ ಇಲಾಖೆ ಹುಡುಕಿದರೆ ಅದು ಸ್ಕೂಲ್ ಅನ್ನುವುದಕ್ಕೆ ಏನೂ ಸಿಗಲಿಲ್ಲ. ಕಾಲೇಜ್ ಆಸೆ ತೋರಿಸಿ ಹುಡುಗರನ್ನು ಸೇರಿಸಿದ್ದರು. ಹೈಸ್ಕೂಲ್ ಮುಗಿಸಿದವರೂ ಇದ್ದರು. ಹಾಗಾಗಿ ಅಣ್ಣ, ನಿಮ್ಮ ಟ್ರೈನರ್ ಹೇಳಿದ ಆ ಸಣ್ಣ ಸ್ಕೂಲಲ್ಲಿ ಒಂದು ಕ್ಲಾಸ್‌ರೂಮ್ ಆದರೂ ಇದೆಯಾ ಅಂತ ಕಣ್ಣಾರೆ ನೋಡಿ.

ಫ್ರಿಸ್ಕೋ ಹಾಸನ

ಇವತ್ತು ಮಧ್ಯಾಹ್ನ ಹೋಗಿ ನೋಡಿ ಬಂದೆ. ಕ್ಲಾಸ್‌ರೂಮ್ ಇದೆ, ನಾಲ್ಕು. ಸ್ಟ್ರಿಪ್ ಮಾಲಿನಲ್ಲಿ, ಡೋನಟ್ ಅಂಗಡಿ ಪಕ್ಕ. ವೇಟ್ ರೂಮ್ ಮಾತ್ರ ಕ್ಲಾಸ್‌ರೂಮಿನ ಮೂರರಷ್ಟು ದೊಡ್ಡದು. ಸೈನ್ಸ್ ಲ್ಯಾಬ್ ಎಲ್ಲಿ ಅಂತ ಕೇಳಿದೆ. ಲ್ಯಾಪ್‌ಟಾಪ್ ತೋರಿಸಿದರು.

ಪ್ಲೇನೋ ಮೇಷ್ಟ್ರು

ನಕ್ಕು ಚಹಾ ಚೆಲ್ಲಿಕೊಂಡೆ.

ಸಕ್ಕರೆ ನಾಡು

ಒಂದು ಅರ್ಥವಾಗಲಿಲ್ಲ. ಎಲ್ಲರೂ ಹಿಂದಕ್ಕೇ ಹೋಗುತ್ತಾರಾ? ಮುಂದಕ್ಕೆ ಹಾರುವವರು ಯಾರೂ ಇಲ್ವಾ?

ತಟ್ಟೆ ಇಡ್ಲಿ

ಇದ್ದಾರೆ ಸಾರ್, ಅದೂ ಹಾಸನದವರ ಮನೆಯಿಂದ ಅರ್ಧ ಗಂಟೆ ದೂರದಲ್ಲಿ. ಸೌತ್‌ಲೇಕ್ ಕ್ಯಾರೊಲ್ ಹೈಸ್ಕೂಲಿನ ಕ್ವಿನ್ ಯೂಅರ್ಸ್. 2022ರಲ್ಲಿ ಪಾಸಾಗಬೇಕಿದ್ದವನು. ಆ ತರಗತಿಯ ಕ್ವಾರ್ಟರ್‌ಬ್ಯಾಕುಗಳಲ್ಲೇ (ಚೆಂಡು ಎಸೆದು ಆಟ ನಡೆಸುವವರು) ಮೊದಲ ಹೆಸರು. 2021ರ ಜುಲೈಯಿಂದ ಕಾಲೇಜ್ ಆಟಗಾರರು ತಮ್ಮ ಹೆಸರಿನಲ್ಲಿ ದುಡ್ಡು ಮಾಡಬಹುದು ಅಂತಾಯಿತು. ಟೆಕ್ಸಸ್‌ನ ಹೈಸ್ಕೂಲ್ ಹುಡುಗರಿಗೆ ಆ ಅವಕಾಶ ಇರಲಿಲ್ಲ. ಅವನು ಸೀನಿಯರ್ ವರ್ಷವನ್ನೇ ಬಿಟ್ಟು ನಮ್ಮ ಒಹಾಯೋ ಸ್ಟೇಟಿಗೆ ಆಗಸ್ಟಿನಲ್ಲೇ ಬಂದ. ಹತ್ತು ಲಕ್ಷ ಡಾಲರಿಗೂ ಮೀರಿದ ಡೀಲ್ ಅಂತ ಪೇಪರಿನಲ್ಲೆಲ್ಲ ಬಂತು. ಇಡೀ ಸೀಸನ್ನಿನಲ್ಲಿ ಆಡಿದ್ದು ಎರಡು ಸ್ನ್ಯಾಪ್, ಅಂದರೆ ಚೆಂಡು ಎರಡು ಸಲ ಆಟಕ್ಕೆ ಬಂದಷ್ಟು ಹೊತ್ತು. ಡಿಸೆಂಬರಿಗೆ ವಾಪಸ್ ಟೆಕ್ಸಸ್! 2025ರಲ್ಲಿ ವೃತ್ತಿಪರ ಟೀಮುಗಳು ಕಾಲೇಜ್ ಹುಡುಗರನ್ನು ಆರಿಸುವಾಗ ಏಳನೇ, ಅಂದರೆ ಕೊನೆಯ ರೌಂಡಿನಲ್ಲಿ ಮಯಾಮಿ ಡಾಲ್ಫಿನ್ಸ್ ತಗೊಂಡಿತು.

ಹಾಕಿ ಅಮ್ಮ

ಪರವಾಗಿಲ್ಲ, ದುಡ್ಡಾದರೂ ಬಂತಲ್ಲ.

ಎಡಿಸನ್ ಅಕ್ಕ

ಕೋವಿಡ್ ಸಮಯದಲ್ಲಿ ಕೆಂಟಕಿಯಲ್ಲೂ ಇಂಥದ್ದೇ ಕಾನೂನು ಬಂದಿತ್ತಲ್ವಾ? ನನ್ನ ತಂಗಿ ಲೂಯಿವಿಲ್‌ನಲ್ಲಿದ್ದಳು.

ಕಪ್ಪು ಕೋಟು

ಹೌದು, 2021ರ ಸೆನೆಟ್ ಬಿಲ್ 128. ಬೇಕಾದವರು ಆ ವರ್ಷವನ್ನು ಮತ್ತೆ ಓದಬಹುದು ಅಂತ. ಚೆನ್ನಾಗಿದ್ದದ್ದು ಒಂದು ಷರತ್ತು: ಜಿಲ್ಲೆಯ ಸ್ಕೂಲ್ ಬೋರ್ಡ್ ಅರ್ಜಿ ಹಾಕಿದ ಎಲ್ಲರಿಗೂ ಕೊಡಬೇಕು, ಇಲ್ಲವೇ ಯಾರಿಗೂ ಇಲ್ಲ. ಕ್ವಾರ್ಟರ್‌ಬ್ಯಾಕಿಗೆ ಹೂಂ, ಟ್ರಂಪೆಟ್ ಊದುವವನಿಗೆ ಊಹೂಂ ಅನ್ನುವ ಹಾಗಿರಲಿಲ್ಲ.

ಪ್ಲೇನೋ ಮೇಷ್ಟ್ರು

ಕೋವಿಡ್ಡಿನ ಇನ್ನೊಂದು ಬಾಲ ವರ್ಷಗಟ್ಟಲೆ ಅಲ್ಲಾಡಿತು. 2020ರಲ್ಲಿ ಆಡಿದ ಕಾಲೇಜ್ ಹುಡುಗರಿಗೆ ಎನ್‌ಸಿಎಎ ಒಂದು ವರ್ಷ ಉಚಿತವಾಗಿ ಕೊಟ್ಟಿತು. ಅವರು ಸೀಟು ಬಿಡಲಿಲ್ಲ. ಹಿಂದೆಯೇ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜ್ ಬದಲಾಯಿಸುವ ಆಟಗಾರರು ಹೆಸರು ಕೊಡುವ ಪಟ್ಟಿ) ಬಿಸಿಯಾಯಿತು. ಕೋಚಿಗೆ 18ರ ಹುಡುಗನಿಗಿಂತ ಈಗಾಗಲೇ ಕಾಲೇಜಿನಲ್ಲಿ ಆಡಿ ಪಳಗಿದ 22ರವನು ಬೇಕು. 2025ರ ಜೂನಿನಲ್ಲಿ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸಿನ ದೊಡ್ಡ ಸೆಟಲ್‌ಮೆಂಟ್ ಆದ ಮೇಲೆ ಅದಕ್ಕೆ ಸೇರಿದ ಕಾಲೇಜುಗಳ ಫುಟ್‌ಬಾಲ್ ಟೀಮಿಗೆ 105 ಜನ ಅಂತ ಮಿತಿ ಬಿತ್ತು. ಮುಂಚೆ ಸ್ಕಾಲರ್‌ಶಿಪ್ 85 ಇದ್ದರೂ, ದುಡ್ಡಿಲ್ಲದೆ ಸುಮ್ನೆ ಬಂದು ಸೇರುವ ವಾಕ್‌-ಆನ್ ಹುಡುಗರಿಂದ ಟೀಮು 120ರ ಮೇಲೂ ಹೋಗುತ್ತಿತ್ತು. ನಮ್ಮಂಥವರ ಮಕ್ಕಳಿಗೆ ಸಿಗಬಹುದಾಗಿದ್ದ ಕುರ್ಚಿಗಳು ಅವೇ.

ದೇಶದಲ್ಲಿ 10 ಲಕ್ಷಕ್ಕೂ ಜಾಸ್ತಿ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಡಿವಿಷನ್ 1ಕ್ಕೆ ಹೋಗುವವರು ನೂರಕ್ಕೆ ಮೂರರೊಳಗೆ. ಕೂರಿಸುವ ವಿದ್ಯೆ ನೂರರಲ್ಲಿ ಐವತ್ತು ಮನೆಯವರಿಗೂ ಗೊತ್ತಾದರೆ ಮತ್ತೆ ಎಲ್ಲರೂ ಸಮ. ಆಗ ಟ್ರೈನರ್ ಬಂದು ಎರಡು ವರ್ಷ ಕೂರಿಸಿ ಅನ್ನುತ್ತಾನೆ.

ಹಾಕಿ ಅಮ್ಮ

ಹಾಸನದವರೇ, ಇಷ್ಟೆಲ್ಲ ಆಯಿತು. ಮಗ ಏನನ್ನುತ್ತಾನೆ? ಅವನನ್ನು ಕೇಳಿದಿರಾ?

ಫ್ರಿಸ್ಕೋ ಹಾಸನ

(ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.)

ಮೇಡಂ, ನಿಮ್ಮ ಪ್ರಶ್ನೆ ನೋಡಿ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಕೇಳಿರಲಿಲ್ಲ.

ನಿನ್ನೆ ಪ್ರಾಕ್ಟೀಸಿನಿಂದ ಕರೆತರುವಾಗ ಕಾರಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವನ ಅರ್ಧಂಬರ್ಧ ಕನ್ನಡದಲ್ಲಿ, "ಅಪ್ಪಾ, ನಾನು 8ನೇ ಕ್ಲಾಸಲ್ಲಿ ಏನ್ ತಪ್ಪು ಮಾಡ್ದೆ?" ಅಂದ. ಸಿಗ್ನಲ್ ಹಸಿರಾಗಿತ್ತು, ಹಿಂದಿನವನು ಹಾರ್ನ್ ಹೊಡೆಯುವವರೆಗೂ ಗೊತ್ತಾಗಲಿಲ್ಲ.

ಮನೆಗೆ ಬಂದು ಮೇಷ್ಟ್ರ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. 2029, 2029. ಗಣಿತದ ಹುಡುಗ, ಎರಡು ಸೆಕೆಂಡಿನಲ್ಲಿ ಹಿಡಿದ. "ಹಾಗಾದ್ರೆ ಟ್ರೈನರ್‌ಗೆ ಲೆಕ್ಕ ಬರಲ್ವಾ?" ಅಂತ ಕೇಳಿದ. ಬರುತ್ತೆ ಮಗನೇ, ಅವನಿಗೆ ಇನ್ನೊಂದು ವರ್ಷದ ಫೀಸಿನ ಲೆಕ್ಕ ಬರುತ್ತೆ ಅಂದೆ. ಹೆಂಡತಿ ಒಳಗಿನಿಂದ ನಕ್ಕಳು. ಈ ವಾರದಲ್ಲಿ ಮೊದಲ ಸಲ.

ಆಗಸ್ಟಿಗೆ 9ನೇ ಕ್ಲಾಸು. ಫ್ರೆಶ್‌ಮನ್ (9ನೇ ಕ್ಲಾಸಿನವರ) ಬಿ ಟೀಮಿನಲ್ಲಿ ಬೆಂಚ್ ಕಾಯಬಹುದು, ಕಾಯಲಿ. ಟ್ರೈನರ್‌ಗೆ ಈ ತಿಂಗಳಿಗೆ ಸಾಕು ಅಂತ ಮೆಸೇಜ್ ಹಾಕಿದೆ. ಕೌನ್ಸಿಲರ್ ಹತ್ತಿರ ಆಲ್ಜೀಬ್ರಾ ವಿಷಯವನ್ನೂ ಕೇಳಿದ್ದೇನೆ, ತಟ್ಟೆ ಇಡ್ಲಿಗೆ ಥ್ಯಾಂಕ್ಸ್.

ಇನ್ನೊಂದು ವಿಷಯ. ಪ್ಲೇನೋ, ಫ್ರಿಸ್ಕೋ ಕಡೆ ಯಾರ ಮನೆಯಲ್ಲಾದರೂ 8½ ಸೈಜಿನ ಹಳೇ ಕ್ಲೀಟ್ಸ್ (ಆಟದ ಶೂ) ಇದೆಯಾ? ಕ್ರಿಸ್‌ಮಸ್‌ಗೆ ತೆಗೆದುಕೊಟ್ಟ 7½ ಆಗಲೇ ಬಿಗಿ. ಹೆಬ್ಬೆರಳು ಮುಂದೆ ಒತ್ತಿ ಬಟ್ಟೆ ಹರಿದಿದೆ.

ಪ್ಲೇನೋ ಮೇಷ್ಟ್ರು

ನನ್ನ ದೊಡ್ಡ ಮಗನದು ಗ್ಯಾರೇಜಿನಲ್ಲಿದೆ, 10. ಅದನ್ನೇ ತಗೊಂಡು ಹೋಗಿ. ಆಗಸ್ಟ್ ಹೊತ್ತಿಗೆ ಸರಿಹೋಗುತ್ತೆ.